ಜಮಾಲಣ್ಣ ಮಾಡಿದ ಎರಡು ಫ್ಲೆಕ್ಸ್

ಹರಿಹರದಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಮೊದಲು ನೆಂಟರಿಗೆ ಫೋನ್ ಮಾಡುತ್ತಿದ್ದರು, ಆಮೇಲೆ ಜಮಾಲುದ್ದೀನ್ ಅವರಿಗೆ. ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ, ಒಂದು ಹೆಸರು, ಎರಡು ದಿನಾಂಕ ಕಳಿಸಿದರೆ ಸಾಕು. ಎರಡು ಗಂಟೆಯೊಳಗೆ ಬಸ್ ನಿಲ್ದಾಣದ ಕಾಂಪೌಂಡಿಗೆ ಎಂಟಡಿ ಉದ್ದದ ಶ್ರದ್ಧಾಂಜಲಿ ಫ್ಲೆಕ್ಸ್ ಬಿದ್ದಿರುತ್ತಿತ್ತು. ಲಿಂಗಾಯತರಾದರೆ ಲಿಂಗೈಕ್ಯ, ಕೆಲವರಿಗೆ ವೈಕುಂಠವಾಸಿ, ಉಳಿದವರಿಗೆ ಸ್ವರ್ಗಸ್ಥ. ಯಾರಿಗೆ ಯಾವ ಪದ ಎಂದು ಅವರು ಯಾರನ್ನೂ ಕೇಳುತ್ತಿರಲಿಲ್ಲ. ಸಾವಿನ ಮನೆಯವರಿಗೆ ಪ್ರಶ್ನೆ ಹಾಕಬಾರದು, ಹೆಸರು ತಪ್ಪಬಾರದು, ಸತ್ತವರ ಮುಖ ಕಪ್ಪಾಗಿ ಬರಬಾರದು, ಇಷ್ಟೇ ಅವರು ಪಾಲಿಸುತ್ತಿದ್ದ ಕಾಯಿದೆ.

ನನ್ನ ಹೆಸರು ಕೊಟ್ರೇಶ್. ಅವರ ಅಂಗಡಿಯ ಸಾಲಿನಲ್ಲೇ ನನ್ನದು ಪೈಪು ಮತ್ತು ಪಂಪ್‌ಸೆಟ್ಟಿನ ಅಂಗಡಿ. ಜಮಾಲಣ್ಣನ ಕಥೆ ಬರೆಯಲು ನನಗಿಂತ ಯೋಗ್ಯರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಅವರಿಗೆ ಯಾರಿಗೂ ಪೂರ್ತಿ ಗೊತ್ತಿಲ್ಲ. ನನಗೆ ಗೊತ್ತು, ಏಕೆಂದರೆ ಅದರಲ್ಲಿ ಅರ್ಧ ನಾನೇ ಮಾಡಿದ್ದು.

ಅವರ ತಂದೆ ಇಮಾಮ್ ಸಾಬ್ ಲಾರಿಗಳ ಹಿಂದೆ ಹೂವು, ನವಿಲು, ನಂಬರು ಬರೆಯುತ್ತಿದ್ದವರು. ಮಗ ಅಂಗಡಿಗಳ ಬೋರ್ಡಿಗೆ ಇಳಿದ. ಬ್ರಷ್ ಹಿಡಿದರೆ ಅಕ್ಷರ ನಿಂತ ಕಡೆ ನಿಲ್ಲುತ್ತಿತ್ತು. 1991ರಲ್ಲಿ ಹೊಳೆ ದಂಡೆಯ ಕಾಲೇಜಿನಿಂದ ಕರೆ ಬಂತು. ಆ ಕಾಲೇಜಿನ ಉದ್ದ ಹೆಸರು ಅದರ ಲೆಟರ್‌ಹೆಡ್ಡಿನಲ್ಲಿ ಮಾತ್ರ ಇದೆ, ಊರಿನ ಬಾಯಲ್ಲಿ ಅದು ಬರೀ ಹೊಳೆ ಕಾಲೇಜು. ಅಲ್ಲಿ ಆ ವರ್ಷ ಹೊಸದಾಗಿ ಆಟ ಕಲಿಸಲು ಬಂದಿದ್ದವರು ಹಾಲಸ್ವಾಮಿ. ದೈಹಿಕ ಶಿಕ್ಷಣ ನಿರ್ದೇಶಕರು ಎಂಬುದು ಹುದ್ದೆಯ ಹೆಸರು, ಎಲ್ಲರೂ ಕರೆಯುವುದು ಪಿ.ಡಿ. ಸರ್ ಎಂದು. ಅವರಿಗೆ ಬಾಸ್ಕೆಟ್‌ಬಾಲ್ ಅಂಕಣದ ಗೆರೆ ಹಾಕಿಸಬೇಕಿತ್ತು. ಜಮಾಲಣ್ಣ ಮೊಳೆಗೆ ಹುರಿ ಕಟ್ಟಿ ಎರಡು ದಿನ ಸಿಮೆಂಟಿನ ಮೇಲೆ ಮಂಡಿಯೂರಿ ಅರ್ಧ ವೃತ್ತ, ಪೂರ್ತಿ ವೃತ್ತ ಎಲ್ಲ ಎಳೆದರು. ಕೊನೆಗೆ, “ಇದ್ರಾಗೆ ಯಾವ ಗೆರೆ ದಾಟಿದ್ರೆ ತಪ್ಪು ಸರ್?” ಎಂದು ಕೇಳಿದರು. ಹಾಲಸ್ವಾಮಿ ಉತ್ತರ ಹೇಳುವ ಬದಲು ಚೆಂಡು ಕೈಗೆ ಕೊಟ್ಟು ಗೆರೆಯ ಹಿಂದೆ ನಿಲ್ಲಿಸಿದರು. ಮೊದಲ ಎಸೆತವೇ ಬುಟ್ಟಿಯಲ್ಲಿ ಬಿತ್ತು. ಆಮೇಲೆ ಅವರು ಜನ್ಮದಲ್ಲಿ ಇನ್ನೊಂದು ಹಾಕಲಿಲ್ಲ, ಆದರೆ ಹುಚ್ಚು ಹಿಡಿಯಲು ಅದೊಂದೇ ಸಾಕಾಯಿತು.

ಕಾಲೇಜಿನ ಮೆಟ್ಟಿಲು ಹತ್ತದ ಮನುಷ್ಯ ಮುಂದಿನ ಮೂವತ್ತು ವರ್ಷ ಆ ಕಾಲೇಜಿನ ತಂಡದ ಅಭಿಮಾನಿಯಾದ. ಪ್ರತಿ ವರ್ಷ ಅಂತರ ಕಾಲೇಜು ಪಂದ್ಯಾವಳಿಗೆ ಮುಂಚೆ ಗೆರೆಗಳಿಗೆ ಪುಕ್ಕಟೆ ಬಣ್ಣ ಕೊಡುತ್ತಿದ್ದರು. ಪಂದ್ಯದ ದಿನ ಅಂಗಡಿ ಬಾಗಿಲು ಹಾಕುತ್ತಿದ್ದರು. ರಂಜಾನ್ ಬಂದರೂ ಉಪವಾಸದಲ್ಲೇ ಬಂದು ಬಿಸಿಲಲ್ಲಿ ಕೂತು ಕೂಗುತ್ತಿದ್ದರು. ಅವರ ಹೆಂಡತಿ ದಿಲ್ಷಾದ್ ಬೇಗಂ ನನ್ನೆದುರು ಒಮ್ಮೆ ಅಂದಿದ್ದರು, “ನಮ್ಮ ಹುಮಾ ಹುಟ್ಟಿದ ದಿನ ಇವರು ಎಲ್ಲಿದ್ರು ಕೇಳ್ರಿ. ಚಿತ್ರದುರ್ಗದಾಗೆ. ಸೋಲಾಕೆ ಹೋಗಿದ್ರು.” ಜಮಾಲಣ್ಣ ತಲೆ ಕೆರೆದುಕೊಂಡು ನಕ್ಕಿದ್ದರು.

ಸೋಲಲು ಹೋಗಿದ್ದರು ಎಂಬುದು ಉತ್ಪ್ರೇಕ್ಷೆಯಲ್ಲ. ನಮ್ಮ ತಂಡದ ಚರಿತ್ರೆ ಬರೆಯಲು ಒಂದು ಅಂಚೆ ಕಾರ್ಡು ಸಾಕು. 2009ರಲ್ಲಿ ಒಮ್ಮೆ ಸೆಮಿಫೈನಲ್. ಉಳಿದಂತೆ ಮೊದಲ ಸುತ್ತು, ಮೊದಲ ಸುತ್ತು, ಅಪರೂಪಕ್ಕೆ ಎರಡನೇ ಸುತ್ತು. ಕೊನೆಯ ಹನ್ನೊಂದು ವರ್ಷವಂತೂ ಮೊದಲ ಪಂದ್ಯದಲ್ಲೇ ಗಂಟುಮೂಟೆ ಕಟ್ಟಿದ್ದೆವು. ಬೆಳಿಗ್ಗೆ ಹತ್ತಕ್ಕೆ ಪಂದ್ಯಾವಳಿ ಉದ್ಘಾಟನೆ, ಹನ್ನೆರಡಕ್ಕೆ ನಾವು ಹೊರಗೆ. ಮಧ್ಯಾಹ್ನದ ಊಟದ ಕೂಪನ್ ಹರಿಯುವುದರೊಳಗೆ ನಮ್ಮ ಹುಡುಗರು ಬೂಟು ಬಿಚ್ಚಿರುತ್ತಿದ್ದರು. 2001ರಲ್ಲಿ ನಾನೂ ಆ ತಂಡದಲ್ಲಿ ಆಡಿದವನು. ಕೊನೆಯ ನಿಮಿಷದಲ್ಲಿ ಎರಡು ಫ್ರೀ ಥ್ರೋ ತಪ್ಪಿಸಿ ನಮ್ಮ ತಂಡವನ್ನೇ ಮೊದಲ ಸುತ್ತಿನಲ್ಲಿ ಸೋಲಿಸಿದವನು. ಹೀಗಾಗಿ ಇನ್ನೊಬ್ಬರನ್ನು ಬೈಯುವ ಹಕ್ಕು ನನಗೆ ಎಲ್ಲರಿಗಿಂತ ಕಡಿಮೆ ಇತ್ತು. ಬೈಯುತ್ತಿದ್ದುದು ಮಾತ್ರ ನಾನೇ ಎಲ್ಲರಿಗಿಂತ ಜಾಸ್ತಿ.

ನೀವು ಕೇಳಬಹುದು, ಇಷ್ಟು ಸೋಲುವ ತಂಡಕ್ಕೆ ಅಭಿಮಾನಿಗಳು ಯಾಕೆ ಎಂದು. ಹರಿಹರದಲ್ಲಿ ಇದ್ದು ನೋಡಬೇಕು. ಊರಿಗೆ ಅನ್ನ ಕೊಡುತ್ತಿದ್ದ ಕಾರ್ಖಾನೆಯ ಸೈರನ್ ನಿಂತು ಎಷ್ಟೋ ವರ್ಷವಾಯಿತು. ಹದಿನಾಲ್ಕು ಕಿಲೋಮೀಟರ್ ಆಚೆ ದಾವಣಗೆರೆ ಬೆಳೆಯುತ್ತಲೇ ಇದೆ, ಅಲ್ಲಿ ಆಸ್ಪತ್ರೆ, ಕಾಲೇಜು, ಜವಳಿ ಅಂಗಡಿ ಎಲ್ಲ. ನಾವು ಜ್ವರ ಬಂದರೂ ಮದುವೆ ಬಂದರೂ ಅಲ್ಲಿಗೇ ಬಸ್ ಹತ್ತಬೇಕು. ಒಂದು ದಿನವಾದರೂ ದಾವಣಗೆರೆಯ ಹುಡುಗರನ್ನು ಅವರ ಅಂಕಣದಲ್ಲೇ ಸೋಲಿಸಿ ಬರಬೇಕು ಎಂಬ ಆಸೆ ನಮ್ಮ ಹದಿನೈದು ಇಪ್ಪತ್ತು ಜನಕ್ಕೆ ಇತ್ತು. ಆಟೋ ಓಡಿಸುವ ಬೋರಣ್ಣ ಒಂದು ಸರ ಪಟಾಕಿ ತಂದು ಸೀಟಿನ ಕೆಳಗೆ ಇಟ್ಟಿದ್ದ. ನಾಲ್ಕು ವರ್ಷ ಅದು ದಾವಣಗೆರೆಗೆ ಹೋಗಿ ಬಂದು, ಕೊನೆಗೆ ಮಳೆಯಲ್ಲಿ ನೆನೆದು ಚರಂಡಿಗೆ ಬಿತ್ತು.

ಈ ನಡುವೆ ಜಮಾಲಣ್ಣನ ಕಸುಬೂ ಕೈಬಿಟ್ಟಿತ್ತು. ಫ್ಲೆಕ್ಸ್ ಬಂದ ಮೇಲೆ ಬ್ರಷ್ಷನ್ನು ಕೇಳುವವರಿಲ್ಲ. ನಲವತ್ತೈದರ ವಯಸ್ಸಿನಲ್ಲಿ ಅವರು ಮಗಳು ಹುಮಾಳ ಪಕ್ಕ ಕೂತು ಮೌಸ್ ಹಿಡಿಯುವುದನ್ನು ಕಲಿತರು. ಮೊದಮೊದಲು ಕೈ ನಡುಗುತ್ತಿತ್ತಂತೆ, ಬ್ರಷ್ ಹಿಡಿದು ಒಮ್ಮೆಯೂ ನಡುಗದ ಕೈ. ಆಮೇಲೆ ಮುದ್ರಣದ ಯಂತ್ರ ತಂದರು. ಹುಟ್ಟುಹಬ್ಬ, ಚುನಾವಣೆ, ಗಣಪತಿ ಎಲ್ಲ ಬರುತ್ತಿದ್ದವು, ಆದರೆ ನಿತ್ಯದ ಅನ್ನ ಶ್ರದ್ಧಾಂಜಲಿಯದು. ಅದರ ನಮೂನೆ ಕಂಪ್ಯೂಟರಿನಲ್ಲಿ ಸಿದ್ಧವಾಗೇ ಇರುತ್ತಿತ್ತು: ನಡುವೆ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ಮುಖ, ಎರಡೂ ಪಕ್ಕ ಉರಿಯುವ ದೀಪ, ಕೆಳಗೆ ಜನನ, ಮರಣ, ಅದರ ಕೆಳಗೆ ದುಃಖತಪ್ತರು. ಬೇರೆ ಅಂಗಡಿಯವರು ಒಂದೇ ದೀಪ ಇಡುತ್ತಿದ್ದರು. ಜಮಾಲಣ್ಣನದು ಎರಡು.

2023ರ ಫೆಬ್ರುವರಿಯ ಪಂದ್ಯಾವಳಿ ದಾವಣಗೆರೆಯಲ್ಲೇ ನಡೆಯಿತು. ಆ ವರ್ಷ ನಮ್ಮಲ್ಲಿ ಅಸದ್ ಎಂಬ ಹುಡುಗನಿದ್ದ, ನಾಯಕ. ಆರಡಿ ಎರಡಂಗುಲ, ಚೆಂಡು ಅವನ ಕೈಗೆ ಹೋದರೆ ನಮಗೆ ಎದೆ ಹಗುರಾಗುತ್ತಿತ್ತು. ಮೊದಲ ಪಂದ್ಯವೇ ದಾವಣಗೆರೆಯ ಒಂದು ದೊಡ್ಡ ಕಾಲೇಜಿನ ಮೇಲೆ. ಕೊನೆಯ ನಾಲ್ಕು ನಿಮಿಷ ಉಳಿದಾಗ ನಾವು ಒಂಬತ್ತು ಪಾಯಿಂಟ್ ಮುಂದೆ. ಒಂಬತ್ತು! ಜಮಾಲಣ್ಣ ಎದ್ದು ನಿಂತಿದ್ದರು, ಟೋಪಿ ಕೈಯಲ್ಲಿ ಹಿಂಡಿ ಹಿಡಿದಿದ್ದರು, ಕಣ್ಣಲ್ಲಿ ನೀರಿತ್ತು. “ಕೊಟ್ರೇಶಿ, ಆತು ಕಣೋ. ಈ ಸಲ ಆತು,” ಎಂದರು.

ಆಗ ಹಾಲಸ್ವಾಮಿ ಸರ್ ಅಸದ್‌ನನ್ನು ಹೊರಗೆ ಕರೆದು ಬೆಂಚಿನ ಮೇಲೆ ಕೂರಿಸಿದರು.

ನಾವು ಕೂಗಿದೆವು, ಬೇಡಿದೆವು, ಬೈದೆವು. ಅಸದ್ ಕೂಡ ಕೈ ಮುಗಿದು ಏನೋ ಹೇಳುತ್ತಿದ್ದ. ಹಾಲಸ್ವಾಮಿ ತಲೆಯಾಡಿಸಿದರು. ಮೂರು ನಿಮಿಷದಲ್ಲಿ ಒಂಬತ್ತು ಕರಗಿ ಹೋಯಿತು. ಐವತ್ತೆಂಟು, ಐವತ್ತೇಳು. ಒಂದು ಪಾಯಿಂಟಿಗೆ ಸೋತೆವು. ಮೇಲಿನ ಸಾಲಿನಿಂದ ದಾವಣಗೆರೆಯ ಒಬ್ಬ ಹುಡುಗ, “ಹರಿಹರದ ಬಸ್ ಹೊಂಟೈತೆ, ಹತ್ತ್ರಿ ಹತ್ತ್ರಿ,” ಎಂದು ಕಂಡಕ್ಟರನ ರಾಗದಲ್ಲಿ ಕೂಗಿದ. ಸುತ್ತ ಇದ್ದವರೆಲ್ಲ ನಕ್ಕರು. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಹರಿಹರದಲ್ಲಿ ಇಳಿದು ಸಂಜೆ ಜಮಾಲಣ್ಣನ ಅಂಗಡಿಯಲ್ಲಿ ಕೂತೆವು, ನಾನು, ಬೋರಣ್ಣ, ಅವರು. ಮೆಣಸಿನಕಾಯಿ ಮಂಡಕ್ಕಿ ತರಿಸಿದ್ದೆ, ಯಾರೂ ಮುಟ್ಟಲಿಲ್ಲ. “ಈ ತಂಡಕ್ಕೆ ಒಂದು ಶ್ರದ್ಧಾಂಜಲಿ ಹಾಕಿಬಿಡಾಣ ಜಮಾಲಣ್ಣ,” ಎಂದೆ ನಾನು. ಹೌದು, ನಾನೇ ಅಂದದ್ದು. “ಸತ್ತೈತೆ ಇದು. ಹೆಣ ಇಟ್ಕಂಡು ಯಾಕ ಕೂಡಬೇಕು?” ಬೋರಣ್ಣ ಬಿದ್ದು ಬಿದ್ದು ನಕ್ಕ. ಜಮಾಲಣ್ಣ ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಕಂಪ್ಯೂಟರ್ ಹಚ್ಚಿದರು. ಎಲ್ಲರಿಗಿಂತ ಹೆಚ್ಚು ಆಸೆ ಇಟ್ಟಿದ್ದವರು ಅವರು, ಸಿಟ್ಟೂ ಅವರಿಗೇ ಹೆಚ್ಚು ಬಂದಿತ್ತು.

ತಂಡದ ಗುಂಪು ಫೋಟೋ ಇತ್ತು. ಹನ್ನೆರಡು ಜನರ ಆ ಫೋಟೋ ಮೊಟ್ಟೆಯಾಕಾರದ ಚೌಕಟ್ಟಿಗೆ ಒಗ್ಗಲಿಲ್ಲ, ತಲೆಗಳೆಲ್ಲ ಜೋಳದ ಕಾಳಿನಷ್ಟಾದವು. “ಮುಖ ಕಾಣ್ಲಿಲ್ಲ ಅಂದ್ರೆ ಯಾರೂ ನಿಂತು ನೋಡಂಗಿಲ್ಲ,” ಎಂದರು ಜಮಾಲಣ್ಣ. ಅದು ಕಸುಬಿನ ಮಾತು. ಹಾಲಸ್ವಾಮಿಯವರ ಇಪ್ಪತ್ತೈದು ವರ್ಷದ ಸೇವೆಗೆ ಮಾಡಿದ್ದ ಸನ್ಮಾನದ ಫ್ಲೆಕ್ಸಿನ ಫೋಟೋ ಕಂಪ್ಯೂಟರಿನಲ್ಲಿತ್ತು. ಅದನ್ನೇ ತಂದು ಚೌಕಟ್ಟಿನಲ್ಲಿ ಕೂರಿಸಿದರು. ಜನನದ ಕಡೆ ತಂಡ ಸರ್ ಕೈಗೆ ಬಂದ 1991 ಹಾಕಿದರು, ಮರಣದ ಕಡೆ ಆವತ್ತಿನ ದಿನಾಂಕ. ಪದ ಯಾವುದೆಂದು ಅವರ ಕೈಗೆ ಯಾರೂ ಹೇಳಬೇಕಿರಲಿಲ್ಲ, ಲಿಂಗೈಕ್ಯ ಎಂದು ತಾನೇ ಬಂತು. ಕೆಳಗಿನ ಸಾಲುಗಳನ್ನು ನಾನು ಹೇಳಿದೆ, ಅವರು ಸಣ್ಣ ಅಕ್ಷರದಲ್ಲಿ ಹೊಡೆದರು: ಹನ್ನೊಂದು ವರ್ಷ ಸತತವಾಗಿ ಮೊದಲ ಸುತ್ತಿನಲ್ಲೇ ನಮ್ಮನ್ನಗಲಿದ ಹೊಳೆ ಕಾಲೇಜು ಬಾಸ್ಕೆಟ್‌ಬಾಲ್ ತಂಡಕ್ಕೆ ನೊಂದ ಅಭಿಮಾನಿಗಳ ಅಶ್ರುತರ್ಪಣ. ಓದಿಕೊಂಡು ಮೂವರೂ ನಕ್ಕೆವು. ಆ ದಿನ ಮೂವರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಬೆಳಿಗ್ಗೆ ಆರಕ್ಕೆ ನಾನೂ ಬೋರಣ್ಣನೂ ಹೋಗಿ ಬಸ್ ನಿಲ್ದಾಣದ ಕಾಂಪೌಂಡಿಗೆ ಕಟ್ಟಿ ಬಂದೆವು.

ಸಾವಿನ ಫ್ಲೆಕ್ಸಿನ ಸಣ್ಣ ಅಕ್ಷರವನ್ನು ನಮ್ಮ ಕಡೆ ಯಾರೂ ಓದುವುದಿಲ್ಲ. ಮುಖ ನೋಡುತ್ತಾರೆ, ದಿನಾಂಕ ನೋಡುತ್ತಾರೆ, ಒಂದು ಸಲ ಕೈ ಮುಗಿಯುತ್ತಾರೆ, ಮೊಬೈಲಿನಲ್ಲಿ ಫೋಟೋ ಹೊಡೆದು ಓಂ ಶಾಂತಿ ಎಂದು ಸ್ಟೇಟಸ್ ಹಾಕಿ ಬಸ್ ಹತ್ತುತ್ತಾರೆ. ಹದಿನೈದು ವರ್ಷ ಆ ಫ್ಲೆಕ್ಸ್ ಮಾಡಿದ ಜಮಾಲಣ್ಣನಿಗೆ ಇದು ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆವತ್ತು ಮಾತ್ರ ನೆನಪಾಗಲಿಲ್ಲ. ಸಿಟ್ಟಿನಲ್ಲಿ ಅವರು ಅಭಿಮಾನಿಯಾಗಿದ್ದರು, ಕಸುಬುದಾರನಾಗಿರಲಿಲ್ಲ.

ಏಳೂವರೆಗೆ ಆ ಫೋಟೋ ಸರ್ ಅವರ ಹುಟ್ಟೂರು ಮಾಯಕೊಂಡ ಮುಟ್ಟಿತು. ಅಲ್ಲಿ ಹಾಲಸ್ವಾಮಿಯವರ ತಾಯಿ ಹಂಪವ್ವ ಇದ್ದರು, ಎಂಬತ್ತೊಂದು ವರ್ಷ. ಯಾರೋ ಮೊಬೈಲ್ ತಂದು ಮಗನ ಮುಖ ತೋರಿಸಿದರು. ಆಕೆಗೆ ಅಕ್ಷರ ಬರುತ್ತಿರಲಿಲ್ಲ, ಎರಡು ದೀಪದ ನಡುವೆ ಫೋಟೋ ಇಟ್ಟರೆ ಏನರ್ಥ ಎಂಬುದು ಗೊತ್ತಿತ್ತು. ಟೆಂಪೋ ಮಾಡಿಕೊಂಡು ಇಪ್ಪತ್ತು ಜನ ಹೂವಿನ ಹಾರ ಹಿಡಿದು ಹೊರಟರು. ಹಾಲಸ್ವಾಮಿಯವರ ಮನೆ ದಾವಣಗೆರೆಯ ಸರಸ್ವತಿ ನಗರದಲ್ಲಿ. ಅವರ ಹೆಂಡತಿ ಅನ್ನಪೂರ್ಣಮ್ಮನಿಗೂ ಅಷ್ಟರಲ್ಲಿ ಹತ್ತು ಕಡೆಯಿಂದ ಫೋನ್ ಬಂದಿತ್ತು. ಗಂಡ ರಾತ್ರಿ ಮನೆಗೆ ಬಂದಿರಲಿಲ್ಲ, ಹುಡುಗನೊಬ್ಬನಿಗೆ ಪೆಟ್ಟಾಗಿದೆ, ಬೆಳಿಗ್ಗೆ ಬರುತ್ತೇನೆ ಎಂದಿದ್ದರಷ್ಟೆ. ಈಗ ಅವರ ಫೋನ್ ಸ್ವಿಚ್ ಆಫ್. ಆಕೆ ದಾರಿಯಲ್ಲಿ ಅಪಘಾತ ಎಂದುಕೊಂಡರು. ಟೆಂಪೋ ಬಂದು ನಿಂತು, ಹಂಪವ್ವ ಗೇಟಿನಿಂದಲೇ ಮಗನ ಗುಣ ಹಾಡಿ ಅಳುತ್ತಾ ಒಳಗೆ ಬಂದ ಮೇಲೆ ಆಕೆಯ ಸಂಶಯವೂ ಹೋಯಿತು. ಓಣಿಯ ಮುದುಕಿಯೊಬ್ಬಳು ಎದ್ದು ಬಂದು ಸೆರಗಿನಿಂದ ಅನ್ನಪೂರ್ಣಮ್ಮನ ಹಣೆಯ ಕುಂಕುಮ ಒರೆಸಿಬಿಟ್ಟಳು.

ಹನ್ನೊಂದೂವರೆಗೆ ಹಾಲಸ್ವಾಮಿ ಸರ್ ಆಟೋದಿಂದ ಇಳಿದರು.

ಅಸದ್‌ನ ಮಂಡಿಯ ಲಿಗಮೆಂಟ್ ಹರಿದಿತ್ತು. ಪಂದ್ಯದ ನಡುವೆಯೇ ಅವನ ಹೆಜ್ಜೆ ನೋಡಿ ಅವರಿಗೆ ಗೊತ್ತಾಗಿತ್ತು. ಇನ್ನು ಎರಡು ನಿಮಿಷ ಆಡಿಸಿದ್ದರೆ ಕಾಲೇ ಹೋಗುತ್ತಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರಂತೆ. ಅದಕ್ಕೇ ಹೊರಗೆ ಕೂರಿಸಿದ್ದು. ರಾತ್ರಿಯಿಡೀ ಅವನ ಜೊತೆ ಆಸ್ಪತ್ರೆಯಲ್ಲಿದ್ದು, ಫೋನಿನ ಚಾರ್ಜ್ ಹೋಗಿ, ಬೆಳಿಗ್ಗೆ ಅವನ ಅಪ್ಪ ಅಮ್ಮ ಬಂದ ಮೇಲೆ ಹೊರಟಿದ್ದರು. ಮನೆ ಮುಂದೆ ಜನ ನೋಡಿ, ತಾಯಿಗೇ ಏನೋ ಆಗಿದೆ ಎಂದು ಗಾಬರಿಯಿಂದ ಓಡಿ ಬಂದರು. ಹಂಪವ್ವ ಅವರನ್ನು ನೋಡಿ ಚೀರಿ ಕೆಳಗೆ ಬಿದ್ದರು.

ಆಕೆ ಸಾಯಲಿಲ್ಲ. ಸತ್ತಿದ್ದರೇ ಚೆನ್ನಾಗಿತ್ತೇನೋ ಎಂದು ಹಾಲಸ್ವಾಮಿ ಆಮೇಲೆ ಒಮ್ಮೆ ಅಂದರು. ಎಚ್ಚರ ಬಂದ ಮೇಲೂ ಮಗ ಬದುಕಿದ್ದಾನೆ ಎಂಬುದು ಆ ತಾಯಿಯ ತಲೆಗೆ ಇಳಿಯಲೇ ಇಲ್ಲ. ಮಗ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದರೆ, “ಯಾರಪ್ಪ ನೀನು, ನನ್ನ ಮಗನ ಹಂಗೇ ಅದೀಯ,” ಎನ್ನುತ್ತಿದ್ದರಂತೆ. ಹಾಗೆಯೇ ನಾಲ್ಕು ತಿಂಗಳು ಹಾಸಿಗೆಯಲ್ಲಿದ್ದು ತೀರಿಕೊಂಡರು. ಅತ್ತೆಯ ಮಲ ಮೂತ್ರ ಬಾಚಿದ್ದು ಅನ್ನಪೂರ್ಣಮ್ಮ. ಆ ಫ್ಲೆಕ್ಸ್ ಮಾಡಿದವನು ಎದುರಿಗೆ ಬಂದರೆ ಅವನ ಮುಖಕ್ಕೆ ಉಗುಳುತ್ತೇನೆ ಎಂದು ಆಕೆ ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಫ್ಲೆಕ್ಸನ್ನು ನಾವು ಅವತ್ತು ಹನ್ನೆರಡು ಗಂಟೆಗೇ ಕಿತ್ತು ಸುಟ್ಟಿದ್ದೆವು. ಯಾರು ಮಾಡಿದ್ದು ಎಂದು ಊರಿಗೆ ಗೊತ್ತಾಗಲಿಲ್ಲ, ಆಟ ನೋಡುವ ಪೋಲಿ ಹುಡುಗರ ಕೆಲಸ ಎಂದಾಯಿತು. ನಾನು ಬೋರಣ್ಣನಿಗೆ ಬಾಯಿ ಮುಚ್ಚಿಕೊಂಡಿರು ಎಂದೆ. ಜಮಾಲಣ್ಣನಿಗೂ ಅದನ್ನೇ ಹೇಳಿದೆ. ಅವರು ಕೇಳಲಿಲ್ಲ, ಮೂರನೇ ದಿನ ಒಬ್ಬರೇ ಸರಸ್ವತಿ ನಗರಕ್ಕೆ ಹೋದರು. ಜೊತೆಗೆ ಬಾ ಎಂದು ನನ್ನನ್ನು ಕರೆಯಲಿಲ್ಲ. ಕರೆದಿದ್ದರೂ ನಾನು ಹೋಗುತ್ತಿರಲಿಲ್ಲ.

ಗೇಟಿನಲ್ಲೇ ಹಾಲಸ್ವಾಮಿ ಅವರನ್ನು ತಡೆದು ಓಣಿಯ ತಿರುವಿಗೆ ಕರೆದುಕೊಂಡು ಹೋದರಂತೆ. ಜಮಾಲಣ್ಣ ಬಾಯಿ ತೆರೆಯುವ ಮೊದಲೇ, “ಎರಡು ದೀಪ ಇಡೋರು ಈ ಜಿಲ್ಲೆಯಾಗೆ ನೀವೊಬ್ರೇ ಜಮಾಲಣ್ಣ. ನಂಗೆ ಅವತ್ತೇ ಗೊತ್ತಾತು,” ಎಂದರಂತೆ. ಇವರು ಕಾಲು ಮುಟ್ಟಲು ಬಗ್ಗಿದರು. ಅವರು ಭುಜ ಹಿಡಿದು ಎತ್ತಿದರು. “ನಾನು ಪೊಲೀಸರಿಗೆ ಹೇಳಂಗಿಲ್ಲ. ಆದ್ರೆ ನಮ್ಮ ಮನಿಯಾಕೆಗೆ ಹೇಳಬ್ಯಾಡ್ರಿ. ನಿಮ್ಮನ್ನ ಅಣ್ಣ ಅಂತಾಳೆ, ತಡಕಣಾಕೆ ಆಗಲ್ಲ ಆಕೆಗೆ. ನಾನು ಇರೋತನಕ ಹೇಳಬ್ಯಾಡ್ರಿ,” ಎಂದರು. ಇದನ್ನೆಲ್ಲ ಜಮಾಲಣ್ಣ ಬಂದು ನನಗೆ ಹೇಳಿದರು. ಕೇಳಿ ನನಗೆ, ದೇವರಾಣೆಗೂ, ಸಮಾಧಾನವಾಯಿತು. ನನ್ನ ಹೆಸರು ಬಂದಿರಲಿಲ್ಲ.

ಶಿಕ್ಷೆ ಎಲ್ಲ ಬೇರೆಯವರಿಗೇ ಆಯಿತು. ಕಾಲೇಜಿನ ಆಡಳಿತ ಮಂಡಳಿಯವರು ಊರಿನವರೇ ಬೇಸತ್ತಿದ್ದಾರೆ ಎಂದು ನೆಪ ತೆಗೆದು ಹಾಲಸ್ವಾಮಿಯವರ ಕೈಯಿಂದ ತಂಡ ಕಿತ್ತುಕೊಂಡರು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಆ ವರ್ಷ ಅವರನ್ನು ಹಳೆಯ ಬೆಂಚು, ಮುರಿದ ಹರ್ಡಲ್ಸ್ ತುಂಬಿದ ಉಗ್ರಾಣದ ಪಕ್ಕದ ಕೋಣೆಯಲ್ಲಿ ಕೂರಿಸಿದರು. ಹೊಸಬರು ಬಂದು ತಂಡ ಕಟ್ಟಿದರು, ಅದೂ ಮೊದಲ ಸುತ್ತಿನಲ್ಲೇ ಮೂವತ್ತು ಪಾಯಿಂಟಿನಿಂದ ಸೋತಿತು. ಆ ಪಂದ್ಯ ನೋಡಲು ಹರಿಹರದಿಂದ ಹೋದವರು ಇಬ್ಬರೇ, ಜಮಾಲಣ್ಣ ಮತ್ತು ಹಾಲಸ್ವಾಮಿ ಸರ್. ಒಂದೇ ಬೆಂಚಿನಲ್ಲಿ ಕೂತು ನೋಡಿ ಬಂದರು.

ಜಮಾಲಣ್ಣ ಶ್ರದ್ಧಾಂಜಲಿ ಮಾಡುವುದನ್ನೇ ಬಿಟ್ಟರು. ಸಾವಿನ ಮನೆಯವರು ಫೋನ್ ಮಾಡಿದರೆ ಯಂತ್ರ ಕೆಟ್ಟಿದೆ ಎನ್ನುತ್ತಿದ್ದರು. ದಿಲ್ಷಾದ್ ಬೇಗಂ ನನ್ನ ಅಂಗಡಿಗೆ ಬಂದು, “ಅಂಗಡಿ ಬಣಬಣ ಅನ್ನಾಕತ್ತೈತೆ, ನೀವಾದ್ರೂ ಬುದ್ಧಿ ಹೇಳ್ರಿ,” ಎಂದರು. ನಾನು ಏನು ಬುದ್ಧಿ ಹೇಳಲಿ? ತಿಂಗಳಿಗೊಮ್ಮೆ ಅವರು ಸರಸ್ವತಿ ನಗರಕ್ಕೆ ಹೋಗುತ್ತಿದ್ದರು. ಹಂಪವ್ವ ಇರುವಷ್ಟು ದಿನ ಆಕೆಗೆ ಎಳನೀರು ಒಯ್ದು ಚಮಚದಲ್ಲಿ ಕುಡಿಸಿದರು. ಅನ್ನಪೂರ್ಣಮ್ಮ ಅವರಿಗೆ ಚಹ ಕೊಟ್ಟು, ಎದುರಿಗೇ ಕೂತು ಆ ಫ್ಲೆಕ್ಸ್ ಮಾಡಿದವನನ್ನು ಶಪಿಸುತ್ತಿದ್ದರು. ಆ ಚಹ ಗಂಟಲಲ್ಲಿ ಇಳಿಯುವುದಿಲ್ಲ ಕೊಟ್ರೇಶಿ ಎಂದು ಅವರು ಅನ್ನುತ್ತಿದ್ದರು. ಹಾಗಾದರೆ ಹೋಗಬೇಡಿ ಎಂದರೆ ಕೇಳುತ್ತಿರಲಿಲ್ಲ.

2024ರ ಡಿಸೆಂಬರ್ ಎರಡನೇ ವಾರ, ಬೆಳಿಗ್ಗೆ ಸ್ನಾನಕ್ಕೆ ಹೋದ ಹಾಲಸ್ವಾಮಿ ಸರ್ ಬಚ್ಚಲಲ್ಲೇ ಕುಸಿದು ಬಿದ್ದರು. ಹೃದಯಾಘಾತ. ಏಳೂವರೆಗೆ ಅನ್ನಪೂರ್ಣಮ್ಮ ಜಮಾಲಣ್ಣನಿಗೆ ಫೋನ್ ಮಾಡಿದರು. “ಅವರು ಹೋಗಿಬಿಟ್ರು ಜಮಾಲಣ್ಣಾರೆ. ಹರಿಹರದೋರಿಗೆ ನೀವೇ ತಿಳಿಸ್ರಿ. ಮಧ್ಯಾಹ್ನ ಮೂರಕ್ಕೆ ಮಣ್ಣು. ಬ್ಯಾನರ್‌ನೂ ನೀವೇ ಹಾಕಿಸ್ರಿ, ಬ್ಯಾರೆಯವರ ಕೈಯಾಗೆ ಬ್ಯಾಡ.”

ಸುಮಾರು ಎರಡು ವರ್ಷದ ಮೇಲೆ ಅವರು ಆ ನಮೂನೆ ತೆರೆದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅದೇ ಫೋಟೋ, ಬೇರೆ ಇರಲಿಲ್ಲ. ದೀಪ ಒಂದೇ ಇಟ್ಟರು. ಒಂಬತ್ತು ಗಂಟೆಗೆ ಕಾಂಪೌಂಡಿಗೆ ಕಟ್ಟಿದೆವು. ಕಟ್ಟಿ ಇಳಿಯುವುದರೊಳಗೆ ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಅದನ್ನು ನೋಡಿ ಒಬ್ಬರಿಗೊಬ್ಬರು ಕಣ್ಣು ಮಿಟುಕಿಸಿದರು. ಒಬ್ಬ, “ಮತ್ತೆ ಸೋತ್ರಾ?” ಎಂದ.

ಜಮಾಲಣ್ಣ ಸ್ಕೂಟರ್ ಹತ್ತಿದರು, ನಾನು ಹಿಂದೆ ಕೂತೆ. ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋದೆವು. ಕಾಲೇಜಿಗೆ ಸೆಮಿಸ್ಟರ್ ರಜೆ, ಬೀಗ ಹಾಕಿತ್ತು. ಹಳೆಯ ಆಟಗಾರರ ಮನೆಗಳಿಗೆ ಹೋದೆವು. “ಈ ಸಲ ಖರೇ ಐತೆ, ಮೂರಕ್ಕೆ ಮಣ್ಣು, ಬರ್ರಿ,” ಎಂದು ಅವರು ಕೈ ಮುಗಿದು ಹೇಳುತ್ತಿದ್ದರು. ಈ ಸಲ ಖರೇ ಎಂದು ಹೇಳಬೇಕಾಗಿ ಬಂದ ಮೇಲೆ ಯಾರು ನಂಬುತ್ತಾರೆ? ಕೆಲವರು ಅಯ್ಯೋ ಎಂದು, ಆಮೇಲೆ ನೋಡೋಣ ಎಂಬಂತೆ ಒಳಗೆ ಹೋದರು. ಕೆಲವರು ಹಾಲಸ್ವಾಮಿಯವರ ನಂಬರಿಗೇ ಫೋನ್ ಮಾಡಿ ನೋಡಿದರು, ಅದು ಸ್ವಿಚ್ ಆಫ್ ಇತ್ತು. ಹೋದ ಸಲವೂ ಸ್ವಿಚ್ ಆಫ್ ಇತ್ತಲ್ಲ ಎಂದರು. ಆಟೋ ಸ್ಟ್ಯಾಂಡಿನಲ್ಲಿ ಬೋರಣ್ಣನೂ ನಕ್ಕ. ಎಲ್ಲ ಗೊತ್ತಿದ್ದ ಬೋರಣ್ಣ!

“ಈ ಸಲ ಎಷ್ಟು ಪಾಯಿಂಟಿಂದ ಜಮಾಲಣ್ಣ?” ಎಂದು ಕೇಳಿದ.

ಜಮಾಲಣ್ಣ ಸ್ಕೂಟರನ್ನು ಪಕ್ಕಕ್ಕೆ ನಿಲ್ಲಿಸಿ, ಹ್ಯಾಂಡಲ್ ಹಿಡಿದುಕೊಂಡೇ ಅತ್ತರು. ಆಮೇಲೆ ಬೋರಣ್ಣನೂ ನಂಬಿದ, ಆದರೆ ಆಗಲೇ ಎರಡು ಗಂಟೆ, ಅವನ ಆಟೋದಲ್ಲಿ ಗ್ಯಾಸ್ ಇರಲಿಲ್ಲ. ಸಂಜೆಯ ಹೊತ್ತಿಗೆ ಇಡೀ ಹರಿಹರಕ್ಕೆ ಖಾತ್ರಿಯಾಯಿತು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಸರಸ್ವತಿ ನಗರದಲ್ಲಿ ಶಾಮಿಯಾನದ ಕೆಳಗೆ ನೂರೈವತ್ತು ಕುರ್ಚಿ ಹಾಕಿಸಿದ್ದರು. ಮಾಯಕೊಂಡದಿಂದ ಬಂದ ನೆಂಟರು, ಓಣಿಯವರು ಸೇರಿ ಮೂವತ್ತು ತುಂಬಿದ್ದವು. ಹರಿಹರದಿಂದ ಬಸ್ಸು ಹತ್ತಿ ಬಂದವರು ನಾವಿಬ್ಬರು, ಮತ್ತು ಕುಂಟುತ್ತಾ ಬಂದ ಅಸದ್. ಸರ್ ಅವರನ್ನು ವಿಭೂತಿ ಹಚ್ಚಿ, ಹೂವು ಹಾಕಿ ಕ್ರಿಯೆಗೆ ಕೂರಿಸಿದ್ದರು. ಅನ್ನಪೂರ್ಣಮ್ಮ ಎದ್ದು ನಮ್ಮ ಹತ್ತಿರ ಬಂದರು. ಖಾಲಿ ಕುರ್ಚಿಗಳ ಕಡೆ ಒಮ್ಮೆ ನೋಡಿದರು.

“ಮೂವತ್ತ್‌ಮೂರು ವರ್ಷ ಅಲ್ಲೇ ದುಡಿದ್ರಲ್ರೀ ಇವರು. ಹರಿಹರದೋರು ಯಾರೂ ಬರ್ಲಿಲ್ಲಲ್ಲ. ನೀವು ತಿಳಿಸಿದ್ರೋ ಇಲ್ಲೋ ಜಮಾಲಣ್ಣಾರೆ?”

“ತಿಳಿಸಿದೆ ಅಕ್ಕಾರೆ. ಮನಿಮನಿಗೂ ಹೋಗಿದ್ದೆ.”

“ಮತ್ತೆ ಯಾಕ ಬರ್ಲಿಲ್ಲ? ಅಷ್ಟು ಬ್ಯಾಡಾಗಿದ್ರೇನು ಇವರು?”

ರಜೆ ಇದೆ, ಬಸ್ಸಿಲ್ಲ, ಏನಾದರೂ ಒಂದು ಹೇಳಬಹುದಿತ್ತು. ಹೇಳಲಿ ಎಂದು ನಾನು ಅವರ ಮೊಳಕೈ ಹಿಡಿದು ಒತ್ತಿದೆ. ಅವರು ನನ್ನ ಕೈ ಬಿಡಿಸಿಕೊಂಡರು.

“ಬ್ಯಾಡಾಗಿದ್ದಕ್ಕಲ್ಲ ಅಕ್ಕಾರೆ. ಯಾರೂ ನಂಬಲಿಲ್ಲ. ಹೋದ ಸಲದ ಹಂಗೇ ಸುಳ್ಳು ಅಂದ್ಕಂಡ್ರು. ಹೋದ ಸಲದ ಆ ಬ್ಯಾನರ್ ಮಾಡಿದೋನು ನಾನೇ.”

ಅನ್ನಪೂರ್ಣಮ್ಮ ಅವರನ್ನೇ ನೋಡುತ್ತಾ ನಿಂತರು. ಉಗುಳಲಿಲ್ಲ, ಕೂಗಲಿಲ್ಲ. ಕೇಳಿದರು, “ನಮ್ಮತ್ತಿಗೆ ಎಳನೀರು ಕುಡಿಸಿದ್ರಲ್ಲ, ಅವಾಗ್ಲೂ ನಿಮಗೆ ಗೊತ್ತಿತ್ತು?”

“ಗೊತ್ತಿತ್ತು.”

“ಒಬ್ರೇ ಮಾಡಿದ್ರಾ? ಜೊತಿಗೆ ಯಾರಿದ್ರು?”

ನಾನು ಅಲ್ಲೇ ಇದ್ದೆ, ಒಂದು ಮಾರು ದೂರದಲ್ಲಿ. ಜಮಾಲಣ್ಣ ನನ್ನ ಕಡೆ ತಿರುಗಲಿಲ್ಲ. “ಒಬ್ನೇ,” ಎಂದರು.

“ಮಣ್ಣಿಗೆ ಬರಬ್ಯಾಡ್ರಿ. ಈ ಮನಿಗೂ ಇನ್ನ ಬರಬ್ಯಾಡ್ರಿ.”

ಅವರು ತಲೆಯಾಡಿಸಿದರು. ಸರ್ ಕೂತಿದ್ದ ಕಡೆ ನೋಡಿ ಕೈ ಎತ್ತಿದರು, ಚಪ್ಪಲಿ ಹುಡುಕಿ ಹಾಕಿಕೊಂಡು ಗೇಟಿನಿಂದ ಹೊರಗೆ ಹೋದರು. ಬಸ್ಸಿನ ರಸ್ತೆಯವರೆಗೂ ಅವರು ನಡೆದು ಹೋಗುವುದು ನನಗೆ ಕಾಣುತ್ತಿತ್ತು. ನಾನೂ ಇದ್ದೆ ಎಂದು ಹೇಳಲು ನನಗೆ ಅಷ್ಟು ಹೊತ್ತು ಸಮಯವಿತ್ತು. ನಾನು ಹೇಳಲಿಲ್ಲ.

ಸರ್ ಅವರನ್ನು ಕೂರಿಸಿದ ವಿಮಾನ ಎತ್ತಲು ಗಂಡಸರು ಸಾಲಲಿಲ್ಲ, ಅಸದ್‌ನ ಕಾಲು ಭಾರ ತಡೆಯುತ್ತಿರಲಿಲ್ಲ. ಅನ್ನಪೂರ್ಣಮ್ಮ ನನ್ನ ಹತ್ತಿರ ಬಂದು ಕೈ ಮುಗಿದರು. “ನೀವೊಬ್ರಾದ್ರೂ ಬಂದ್ರಲ್ಲ ಕೊಟ್ರೇಶಣ್ಣ. ಹೆಗಲು ಕೊಡ್ರಿ,” ಎಂದರು.

ನಾನು ಕೊಟ್ಟೆ. ಗುಣಿಗೆ ಮೂರು ಹಿಡಿ ಮಣ್ಣನ್ನೂ ಹಾಕಿ ಬಂದೆ.